ಹೆಬ್ಬೆರಳಿನ ಮುಯ್ಯಾಳು

ಗುಲ್ವಾಡಿಯ ನನ್ನ ಸೋದರತ್ತೆಯಷ್ಟು ದುಡಿಯುವವರನ್ನು ನಾನಂತೂ ಕಂಡಿಲ್ಲ. ಕುಳಿತಲ್ಲಿಂದ ಏಳುವುದಿಲ್ಲ ಎನ್ನುವುದೊಂದೇ ವಿಶೇಷ! ಬೆಳಿಗ್ಗೆ ಗಂಜಿ ಉಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಗಲಿಯಲ್ಲಿ ಮೊಬೈಲು ಹಿಡಿದು ಕೂತರೆಂದರೆ ಫೇಸ್‌ಬುಕ್ಕಿನ ಒಂದು ಫೋಟೊವನ್ನೂ ಬಿಡದೆ ಲೈಕ್ ಒತ್ತಿಯೇ ಏಳುವುದು. ಆ ಹೊತ್ತಿನಲ್ಲಿ ಮಾತಾಡಿಸಿದಿರೋ, ಕೆಟ್ಟಿರಿ.

"ಕೆಲ್ಸದಗಿದ್ದೆ, ಕಾಣ್ತಿಲ್ಯಾ?"

ಮೊಬೈಲು ಕೊಡಿಸಿದವಳು ನಾನೇ. ಮಾವ ತೀರಿಕೊಂಡಿದ್ದರು, ಮಕ್ಕಳಿಲ್ಲ, ಮಾತಿಗೆ ಜನವಿಲ್ಲ. ಹಿಂದೆ ನಾಟಿಯ ಕಾಲದಲ್ಲಿ ಅತ್ತೆ ಮುಯ್ಯಾಳಿಗೆ ಹೆಸರಾದವರು. ಇಂದು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಕೂಲಿಯ ಮಾತಿಲ್ಲ, ಗದ್ದೆಯವರ ಮನೆಯಲ್ಲಿ ಊಟ. ನಾಟಿಯ ಯಂತ್ರ ಬಂದದ್ದೇ ಮುಯ್ಯಾಳು ನಿಂತಿತು. ಅತ್ತೆಯ ಅಂಗಳಕ್ಕೆ ಬರುವವರೂ ನಿಂತರು.

ಅತ್ತೆ ಲೈಕನ್ನು ಅರ್ಥ ಮಾಡಿಕೊಂಡದ್ದೂ ಅದೇ ಲೆಕ್ಕದಲ್ಲಿ. ಅವರು ನಿಮ್ಮ ಮಗುವಿನ ಫೋಟೊಕ್ಕೆ ಒತ್ತಿದರೆ ನೀವು ಅವರ ಬಸಳೆ ಚಪ್ಪರಕ್ಕೆ ಒತ್ತಲೇಬೇಕು! ಒಮ್ಮೆ ಯಾವುದೋ ಕುಕ್ಕರಿನ ಜಾಹೀರಾತಿಗೂ ಒತ್ತಿ, ಕಂಪನಿಯವರ ದಾರಿ ಕಾದರು.

"ಅವ್ರ್ ಕುಕ್ಕರಿಗ್ ನಾ ಹೋಯ್ ಬಂದೆ. ನನ್ ಬಸಳಿಗ್ ಅವ್ರ್ ಬರ್ಲೇ ಇಲ್ಲೆ. ಮರ್ಯಾದಿ ಗೊತ್ತಿಲ್ದವ್ರ್!"

ನಾನು ನಗು ತಡೆದುಕೊಂಡು ವಿವರಿಸಿದೆ. ನಾವು ಪುಕ್ಕಟೆ ಫೋಟೊ ಹಾಕುತ್ತೇವೆ, ಪುಕ್ಕಟೆ ಲೈಕ್ ಒತ್ತುತ್ತೇವೆ. ಅದನ್ನು ನೋಡಲು ಸೇರಿದ ಜನಕ್ಕೆ ಜಾಹೀರಾತು ತೋರಿಸಿ ಫೇಸ್‌ಬುಕ್ಕಿನವರು ದುಡ್ಡು ಮಾಡುತ್ತಾರೆ. ದುಡಿಮೆ ನಮ್ಮದು, ಫಸಲು ಅವರದು.

"ಹಂಗಾರೆ ಗದ್ದಿ ಯಾರದ್?"

"ಅಮೆರಿಕದ ಒಡೆಯರದ್ದ್, ಅತ್ತೆ."

"ಮಧ್ಯಾಹ್ನ ಊಟ ಹಾಕ್ತ್ರಾ?"

"ಇಲ್ಲೆ."

"ಊಟ ಹಾಕ್ದೆ ಕೆಲ್ಸ ಮಾಡ್ಸ್ಕಂಬ್ದಾ! ಎಂತಾ ಜನ ಮಾರಾಯ್ತಿ!"

ಅಷ್ಟು ಬೈದವರು ಮರುದಿನದಿಂದ ಕೆಲಸ ಬಿಟ್ಟರೇ? ಎಲ್ಲಿಯ ಮಾತು! ಒಡೆಯರು ಹಾಕದ ಊಟವನ್ನು ತಾವೇ ಹಾಕಲು ಹೊರಟರು. ಒಂದೊಂದೇ ಅಕ್ಷರ ಹುಡುಕಿ ಬರೆದರು: "ಆದಿತ್ಯವಾರ ನಮ್ಮ ಮನೆಯಲ್ಲಿ ಊಟ. ಎಲ್ಲರೂ ಬನ್ನಿ." ಲೈಕುಗಳು ಸುರಿದವು. ಬೈಂದೂರು, ಮುಂಬಯಿ, ದುಬೈ, ಎಲ್ಲೆಲ್ಲಿಂದಲೋ! ಬ್ರಹ್ಮಾವರದ ಬಾಡಿಗೆ ಮನೆಯಲ್ಲಿ ಕೂತು ನಾನೂ ಒಂದು ಒತ್ತಿದೆ, ಒತ್ತಿ ಮರೆತೆ.

ಆದಿತ್ಯವಾರ ಮಧ್ಯಾಹ್ನ ಅತ್ತೆಯ ಫೋನು.

"ಹ್ವಾಯ್, ಎಲ್ಲಿದ್ಯೇ? ಯಾರೂ ಬರ್ಲಿಲ್ಲೆ. ಅನ್ನ ತಣಿತಾ ಇತ್ತ್."

ಓಡಿದೆ. ಹೋಗಿ ನೋಡಿದರೆ ಮದುವೆಗೆ ಸಾಲುವಷ್ಟು ಅನ್ನ, ಬಸಳೆ ಹುಳಿ, ಪಾಯಸ. ಜಗಲಿಯುದ್ದಕ್ಕೂ ಬಾಳೆಲೆ. ಲೈಕ್ ಒತ್ತಿದವರೆಲ್ಲ ಬರುತ್ತೇವೆಂದು ಒಪ್ಪಿದವರು ಎಂದೇ ಅತ್ತೆ ನಂಬಿದ್ದರು! ನಗಬೇಕೆಂದುಕೊಂಡೆ, ಆಗಲಿಲ್ಲ. ತುದಿಯ ಎಲೆಗೆ ಕೂತೆ. ಅತ್ತೆ ನನಗೆ ಬಡಿಸಿ, ಉಳಿದ ಎಲೆಗಳನ್ನು ಒಂದರ ಮೇಲೊಂದು ಜೋಡಿಸಿ ಎತ್ತಿಟ್ಟರು.

"ಹೊಟ್ಟಿ ತುಂಬ ಉಣ್" ಎಂದರು. ನಾನು ಎರಡು ಸಲ ಅನ್ನ ಹಾಕಿಸಿಕೊಂಡೆ.

ಮುಂದಿನ ಆದಿತ್ಯವಾರ ಬೆಳಿಗ್ಗೆ ನನ್ನ ಬಾಗಿಲು ಬಡಿದ ಸದ್ದು. ತೆರೆದರೆ ಅತ್ತೆ! ಕುಂದಾಪುರದಲ್ಲಿ ಬಸ್ಸು ಬದಲಿಸಿ ಬಂದಿದ್ದರು. ಕೈಯಲ್ಲಿ ಬಸಳೆ ಕಟ್ಟು, ಸೆರಗು ಆಗಲೇ ಸೊಂಟದಲ್ಲಿ.

"ಅವತ್ತ್ ನೀ ಬಂದ್ಯಲೆ, ಇವತ್ತ್ ನನ್ ಪಾಳಿ. ಹೇಳ್, ಎಂತ ಕೆಲ್ಸ ಇತ್ತ್?"

ಒಬ್ಬಳೇ ಇರುವ ಹೆಂಗಸಿನ ಎರಡು ಕೋಣೆಯ ಮನೆ. ಇದ್ದೊಂದು ತಟ್ಟೆ, ಒಂದು ಲೋಟ ತೊಳೆದಿಟ್ಟಾಗಿತ್ತು. ಆ ಬಾಗಿಲನ್ನು ಯಾರಾದರೂ ಬಡಿದು ಎಷ್ಟು ಕಾಲವಾಗಿತ್ತೋ, ನನಗೇ ನೆನಪಿರಲಿಲ್ಲ. ಮಾಡಲು ಒಂದು ಕೆಲಸವೂ ಇರಲಿಲ್ಲ.

"ಬೇಕಾದಷ್ಟ್ ಇತ್ತ್ ಅತ್ತೆ" ಎಂದೆ. "ಸಂಜಿ ತನಕ ಮುಗಿತಿಲ್ಲೆ. ಒಳಗ್ ಬನ್ನಿ."