ಟರ್ನರಣ್ಣನಿಗೆ ಯಮನ ದಿಗಿಲು

ಅರವತ್ತು ದಾಟಿದ ಮೇಲೆ ಸಾವಿನ ಮಾತು ದಿನಾ ಬಂದೇ ಬರುತ್ತದೆ. ಅದರ ಜೊತೆ ನಗುವೂ ಬರುವುದು ನಮ್ಮ ಟರ್ನರಣ್ಣನ ಪುಣ್ಯ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ನನಗೆ ಲೇತ್ ಕೆಲಸ ಕಲಿಸಿದವರು ಅವರೇ. ಈಗ ಇಬ್ಬರೂ ನಿವೃತ್ತರು, ಲಗ್ಗೆರೆಯಲ್ಲಿ ಅಕ್ಕಪಕ್ಕದ ಬೀದಿ. ಹೋದ ವರ್ಷ ಡಾಕ್ಟರು "ಹಾರ್ಟಲ್ಲಿ ಬ್ಲಾಕ್ ಇದೆ" ಅಂದಿದ್ದೇ ತಡ, ತಲೆಯ ಮೇಲೆ ಕ್ರೇನ್ ಓಡುತ್ತಿದ್ದರೂ ಕ್ಯಾರೇ ಅನ್ನದಿದ್ದ ಮನುಷ್ಯ ಗುಬ್ಬಚ್ಚಿಯ ಹಾಗೆ ಮುದುಡಿಬಿಟ್ಟರು.

ಬೆಂಚಿನ ಸೀನಿಯಾರಿಟಿ

ಪಾರ್ಕಿನಲ್ಲಿ ನಮ್ಮ ಫ್ಯಾಕ್ಟರಿಯವರದೇ ಒಂದು ಬೆಂಚು. ಎಡತುದಿಯಲ್ಲಿ ಕೂರುತ್ತಿದ್ದ ಸ್ಟೋರ್ ಕೀಪರ್ ತೀರಿಕೊಂಡರು. ಆಮೇಲೆ ಅವರ ಪಕ್ಕದ ವೆಲ್ಡರ್ ಹೋದರು. ಆ ಲೆಕ್ಕದಲ್ಲಿ ಮುಂದಿನ ಜಾಗ ಟರ್ನರಣ್ಣನದು. ಮರುದಿನ ಹೋಗಿ ನೋಡಿದರೆ ಬಲತುದಿಯ ನನ್ನ ಜಾಗದಲ್ಲಿ ಕೂತಿದ್ದಾರೆ!

"ಇದೇನಣ್ಣಾ?"

"ನೀನು ಆ ಕಡೆ ಕೂತ್ಕೋ ಕಣೋ. ಬಿಸಿಲು ಚೆನ್ನಾಗಿ ಬೀಳುತ್ತೆ."

"ಪ್ರಮೋಷನ್ ಬಂದಾಗೆಲ್ಲ ಸೀನಿಯಾರಿಟಿ ಸೀನಿಯಾರಿಟಿ ಅಂತ ಗಲಾಟೆ ಮಾಡ್ತಿದ್ರಿ. ಈಗ ಯಾಕಣ್ಣಾ ಜೂನಿಯರನ್ನ ಮುಂದೆ ಕಳಿಸ್ತೀರಿ?"

ಹಾರಕ್ಕೆ ಸಿಗದ ಫೋಟೋ

ಒಬ್ಬರೇ ಫೋಟೋ ತೆಗೆಸಿಕೊಂಡರೆ ಹಾರಕ್ಕೆ ಗೋಡೆ ಹುಡುಕಿಕೊಟ್ಟ ಹಾಗೆ ಎಂದು ಟರ್ನರಣ್ಣನ ಹೊಸ ನಂಬಿಕೆ. ಅತ್ತಿಗೆ ಬಲವಂತ ಮಾಡಿ ಸ್ಟುಡಿಯೋಗೆ ಅಟ್ಟಿದಾಗ ನನ್ನನ್ನೂ ಎಳೆದುಕೊಂಡು ಹೋದರು. ಹೆಗಲ ಮೇಲೆ ಕೈ ಹಾಕಿಕೊಂಡು ಒಟ್ಟಿಗೆ ನಿಂತೆವು.

"ಈಗ ಯಾರು ಹಾರ ಹಾಕ್ತಾರೋ ನೋಡ್ತೀನಿ!" ಎಂದು ಬೀಗಿದರು.

ಸ್ಟುಡಿಯೋದವನು ಧೈರ್ಯ ಹೇಳಿದ: "ಅದಕ್ಯಾಕೆ ಯೋಚ್ನೆ ಮಾಡ್ತೀರಾ ಸಾರ್? ಟೈಮ್ ಬಂದಾಗ ಹೇಳಿ ಕಳಿಸಿ, ಪಕ್ಕದೋರನ್ನ ಕಟ್ ಮಾಡಿ ದೊಡ್ಡದು ಮಾಡ್ಕೊಡ್ತೀವಿ."

ರಿಲೀವರ್

ಕಡೆಗೆ ಸ್ಟೆಂಟ್ ಹಾಕಿಸಲೇಬೇಕಾಯಿತು. ಒಳಗೆ ಕರೆದೊಯ್ಯುವಾಗ ಟರ್ನರಣ್ಣ ನನ್ನ ಕೈ ಬಿಡಲೊಲ್ಲರು. "ವಾಪಸ್ ಬರ್ತೀನೇನೋ?" ಎಂದರು. ನನಗೂ ಭಯವಾಯಿತು. ಅವರಿಲ್ಲದ ಪಾರ್ಕಿಗೆ ನಾನು ಯಾಕಾದರೂ ಹೋಗಲಿ?

ಹೊರಗೆ ಕೂತವನಿಗೆ ಹಳೆಯದೇ ನೆನಪು. ಒಂದೇ ಲೇತ್‌ನಲ್ಲಿ ಮೊದಲ ಶಿಫ್ಟ್ ಅವರದು, ಎರಡನೆಯದು ನನ್ನದು. ರಿಲೀವರ್, ಅಂದರೆ ಮುಂದಿನ ಶಿಫ್ಟಿನವನು, ಬಂದು ನಿಲ್ಲುವವರೆಗೆ ಮೆಷಿನ್ ಬಿಟ್ಟು ಹೊರಡುವ ಹಾಗಿಲ್ಲ. ಅವನು ಬಂದನೆಂದರೆ ಇವರು ಹೊರಡಲೇಬೇಕು. ಸಿಟಿ ಬಸ್ಸಿನ ದಯೆಯಿಂದ ನಾನು ದಿನವೂ ತಡ. ಸೈರನ್ ಕೂಗಿ ಎಷ್ಟೋ ಹೊತ್ತಾದ ಮೇಲೆ ಓಡಿ ಬಂದರೆ, "ನಿನ್ನ ಕಾಯ್ತಾ ನಿಂತು ಕಾಲೇ ಬಿದ್ದೋಯ್ತು ಕಣೋ!" ಎಂದು ಬೈದು, ಕೈಯ ಎಣ್ಣೆ ಒರೆಸಿಕೊಂಡು, ನನಗೆಂದು ಡಬ್ಬಿಯಲ್ಲಿ ಉಳಿಸಿದ್ದ ಚಿತ್ರಾನ್ನ ಕೊಟ್ಟು ಹೋಗುತ್ತಿದ್ದರು. ಆ ಬೈಗುಳ ಇನ್ನೊಂದು ಸಲ ಕೇಳಿದರೆ ಸಾಕಪ್ಪಾ ಅನ್ನಿಸಿತು.

ಎಲ್ಲ ಸರಿಯಾಗಿ ಮುಗಿದು ವಾರ್ಡಿಗೆ ತಂದರು. ಎಲ್ಲರಿಗಿಂತ ಮೊದಲು ಓಡಿ ಹೋಗಿ ಮಂಚದ ಪಕ್ಕ ನಿಂತೆ. ಮಂಪರಿನಲ್ಲೇ ಕಣ್ಣು ಬಿಟ್ಟ ಟರ್ನರಣ್ಣ ನನ್ನನ್ನು ನೋಡಿ ಬೆಚ್ಚಿಬಿದ್ದರು:

"ಅಯ್ಯೋ ಪಾಪಿ, ಬಂದೇಬಿಟ್ಯಾ? ಇವತ್ತೊಂದಿನ ಲೇಟಾಗಿ ಬರ್ಬಾರ್ದಿತ್ತೇನೋ!"