ಪಾಳಿ ಹಿಡಿದ ಪಹರೇದಾರ

"ಮೋಸ ಅದ ಇದು! ಖುಲ್ಲಂಖುಲ್ಲಾ ಮೋಸ!" ಗೋರಖನಾಥ ಮೊಬೈಲನ್ನು ಹಾಸಿಗೆಯ ಮೇಲೆ ಎಸೆದ. ಒಡೆಯಬಾರದಲ್ಲ, ಅದಕ್ಕೇ ಹಾಸಿಗೆ.

"ಮೋಸ ಎಲ್ಲಿ ಬಂತ್ರಿ? ನಿನ್ನಿ ಆಟದ ಅಪ್‌ಡೇಟ್‌ನಾಗ ಬಂದ ಹೊಸಾ ಪಹರೇದಾರ ಕಾರ್ಡ ಅದ. ನೀವೂ ಹಾಕ್ರಿ," ಎಂದಳು ಹೆಂಡತಿ ಶೇವಂತಾಬಾಯಿ, ತನ್ನ ಮೊಬೈಲಿನಿಂದ ಕಣ್ಣೆತ್ತದೆ.

ತಮ್ಮೂರು ಎಕಂಬಾದ ಬಾವಿ ಬತ್ತಿ, ಗಂಡಹೆಂಡತಿ ಬೀದರಿನ ಈ ಓಣಿಗೆ ಬಂದು ಎಂಟು ತಿಂಗಳು. ಇಲ್ಲೂ ವಾರಕ್ಕೊಮ್ಮೆ ಟ್ಯಾಂಕರೇ ಗತಿ. ಮೊಬೈಲಿನ ಈ ಕೋಟೆ ಕಾಳಗದಲ್ಲಿ ಸೋತವರು ನೀರು ತರಬೇಕೆಂದು ಕರಾರು ಮಾಡಿದವನು ಗೋರಖನಾಥನೇ. ಅವಳಿಗೆ ಆಟ ಕಲಿಸಿದವನೂ ಅವನೇ. ಹನ್ನೊಂದು ವಾರ ಬಿಡದೆ ಗೆದ್ದಿದ್ದ. ಇವತ್ತು ಸೋತರೆ ಹೆಂಗಸರ ನಡುವೆ ಕೊಡ ಹಿಡಿದು ನಿಲ್ಲಬೇಕು, ಎದುರಿನ ಚಹಾದಂಗಡಿಯಲ್ಲಿ ಕೂತ ಗೆಳೆಯ ಅಬ್ದುಲ ವಾಹೀದನ ಕಣ್ಣಿಗೆ ಬೀಳಬೇಕು. ಕೊಡದ ಭಾರಕ್ಕಲ್ಲ, ವಾಹೀದನ ನಗೆಗೆ ಅವನು ಹೆದರಿದ್ದ.

"ಈ ನಿನ್ನ ಪಹರೇದಾರ ಬೋರಲು ಬಿದ್ದಾನ. ನನ್ನ ಆನಿ ಹೊಡದ್ರ ತಾಗವಲ್ದು, ಅವನೂ ಮಿಸುಕವಲ್ಲ. ಏನ್ ಮಾಡ್ಲಿಕತ್ತಾನ?"

"ಪಾಳಿ ಹಿಡದಾನ್ರಿ."

"ಲಡಾಯಿದಾಗ ಎಂಥಾ ಪಾಳಿ?"

"ಟ್ಯಾಂಕರ್ ಬರೂಕಿಂತ ಮೊದಲ ನಾವು ಕೊಡ ಇಟ್ಟು ಬರಂಗಿಲ್ಲೇನು? ಕೊಡ ಇಲ್ಲಂದ್ರ ಕಲ್ಲು, ಇಲ್ಲಂದ್ರ ಹರಕ ಛತ್ರಿ. ನಾವು ಮನ್ಯಾಗ ರೊಟ್ಟಿ ಬಡೀತಿರ್ತೇವಿ, ಪಾಳಿ ನಮ್ದೇ ಇರ್ತದ. ಇವನೂ ಹಂಗೇ. ಮೂರು ಸುತ್ತಿನ ಮ್ಯಾಲ ಎದ್ದು ಎಲ್ಲಾರಕಿಂತ ಮೊದಲ ಹೊಡೀತಾನ."

"ನಡುವ ನನ್ನ ಆನಿ ನುಗ್ಗಸ್ತೇನಿ."

"ನುಗ್ಗಂಗಿಲ್ರಿ. ಓಣಿ ಪಾಳಿ ನೋಡಕೊಳ್ಳೋ ಮುನವ್ವರ ಬೇಗಂ ಅವರ ಕಾನೂನೂ ಅದೇ ಅಲ್ಲ? ಯಾರ ಸಾಮಾನು ಪಾಳ್ಯಾಗ ಅದ, ನೀರಿಗಿ ಅವರೇ ಬರಬೇಕು."

"ಕಲಿಸಿದವ ನಾ. ನನಗೇ ಪಾಠ ಹೇಳ್ತಿ?"

"ಆಟ ನೀವು ಕಲಿಸೀರಿ. ಪಾಳಿ ಹನ್ನೊಂದು ವಾರ ನಿಂತು ನಾನೇ ಕಲತೇನಿ."

ಗೋರಖನಾಥ ಹಟಕ್ಕೆ ಬಿದ್ದು ಮಂಚವನ್ನೇ ಎತ್ತಿ, ಹಾಸಿಗೆಯಿಂದ ಕೆಳಗೆ ಜಾರಿದ್ದ ಮೊಬೈಲು ತೆಗೆದುಕೊಂಡ, ಆನೆಯನ್ನೇ ಮುಂದೆ ಬಿಟ್ಟ. ಮೂರನೇ ಸುತ್ತು ಮುಗಿಯಿತು. ಪಹರೇದಾರ ಎದ್ದ. ಆನೆ ಬಿತ್ತು, ಹಿಂದೆಯೇ ಕೋಟೆಯೂ ಬಿತ್ತು. ಸರಿಯಾಗಿ ಅದೇ ಹೊತ್ತಿಗೆ ಹೊರಗೆ ಟ್ಯಾಂಕರಿನ ಹಾರ್ನ್ ಕೇಳಿಸಿತು.

"ಶೇವಂತಾ, ಸೊಂಟ ಹಿಡದದ."

"ಈಗ ಮೊಬೈಲ್ ಹುಡುಕಲಾಕ ಮಂಚಾನೇ ಎತ್ತಿದ್ರಿ. ಆಗ ಎಲ್ಲಿತ್ರಿ ಸೊಂಟ?"

ಗೊಣಗುತ್ತ ಬಾಗಿಲಿಗೆ ಹೋದವನು ಅಲ್ಲೇ ನಿಂತ. "ನನ್ನ ಚಪ್ಪಲಿ ಎಲ್ಲಿ?"

"ಪಾಳ್ಯಾಗ ಅದಾವ್ರಿ. ಮೂರನೇ ನಂಬರ್."

"ಯಾವಾಗ ಇಟ್ಟಿ?"

"ಮುಂಜಾನಿ. ನೀವು ಏಳೂಕಿಂತ ಮೊದಲ."

"ಮುಂಜಾನಿ? ಆಗ ಆಟಾನೇ ಶುರು ಆಗಿದ್ದಿಲ್ಲ! ಒಂದು ವ್ಯಾಳಿ ನಾನೇ ಗೆದ್ದಿದ್ರ?"

"ಗೋರಖ ಭಾಯ್!" ಹೊರಗಿನಿಂದ ಮುನವ್ವರ ಬೇಗಂ ಕೂಗಿದಳು. "ನಿಮ್ಮ ಚಪ್ಪಲಿ ನಂಬರ್ ಬಂತು, ಜಲ್ದಿ ಬರ್ರಿ!" ಚಹಾದಂಗಡಿಯಲ್ಲಿ ವಾಹೀದ ಆಗಲೇ ನಗಲು ಶುರು ಮಾಡಿದ್ದ.

ಶೇವಂತಾಬಾಯಿ ಗಂಡನ ಎರಡೂ ಕೈಗೆ ಒಂದೊಂದು ಕೊಡ ಕೊಟ್ಟಳು.

"ಗೆದ್ದಿದ್ರೂ ಚಪ್ಪಲಿ ನಿಮ್ಮವೇ ಅಲ್ರಿ?"