ಸಾಹೇಬರ ಹೊಂಡಕ್ಕೆ ಎರಡು ಕಿಟಕಿ

ಬೇರೆಯವರ ಕೆಲಸಗಳು ಹೇಗೋ ಸುಸೂತ್ರವಾಗಿ ಮುಗಿಯುತ್ತವೆ. ನಾನು ಕೈ ಹಾಕಿದ್ದು ಮಾತ್ರ ನಾಲ್ಕು ಜನ ಹೊಟ್ಟೆ ಹಿಡಿದುಕೊಂಡು ನಗುವ ಹಾಗೇ ಆಗುತ್ತದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಪುಣೆಯ ಭೋಸರಿಯಲ್ಲಿ ಒಂದು ಕಾರ್ಖಾನೆಯ ಟೆಂಪರರಿ ಗುಮಾಸ್ತ. ಮಾಲೀಕರು ನಮ್ಮ ವಿಜಾಪುರ ಕಡೆಯವರೇ. ಅವರ ತಾಯಿಗೆ ಮೊಣಕಾಲು ನೋವು, ದಿನವಿಡೀ ಕುರ್ಚಿಯಲ್ಲೇ. ಬಗ್ಗಲಾಗದ ಅವ್ವನಿಗೆ ಕುಳಿತಲ್ಲಿಂದಲೇ ಮೀನು ಕಾಣಲಿ ಎಂದು ಸಾಹೇಬರು ಬಂಗಲೆಯ ತೋಟದಲ್ಲಿ, ನೆಲ ಅಗೆಯದೆ, ಎದೆಮಟ್ಟದ ಗೋಡೆಯ ಹೊಂಡ ಕಟ್ಟಿಸಲು ಹೊರಟರು. ಎದುರುಬದುರು ಗೋಡೆಗಳಲ್ಲಿ ಒಂದೊಂದು ಗಾಜಿನ ಕಿಟಕಿ. ಉಸ್ತುವಾರಿ ನನ್ನದು. ಯುಗಾದಿಗೆ ಅವ್ವ ಮೀನು ನೋಡಿದರೆ ನನ್ನ ನೌಕರಿ ಪರ್ಮನೆಂಟ್, ಇಲ್ಲದಿದ್ದರೆ ಊರಿನ ಬಸ್ಸು. ಅತ್ತ ನನಗೆ ಗೊತ್ತುಮಾಡಿದ್ದ ಹುಡುಗಿಯ ತಂದೆ, ಪರ್ಮನೆಂಟ್ ಆಗುವ ತನಕ ಮದುವೆಯ ಅಕ್ಕಿಕಾಳಿನ ಮಾತೇ ಇಲ್ಲ ಎಂದು ಕೂತಿದ್ದರು. ನನಗೆ ರಾತ್ರಿ ಹಗಲು ಹೊಂಡದ್ದೇ ಚಿಂತೆ.

ಗೌಂಡಿಯ ಉಪಕಾರ

ಗೋಡೆ ಕಟ್ಟಲು ಯೆರವಡಾದಿಂದ ಯಾದಗಿರಿ ಕಡೆಯ ಗೌಂಡಿಯನ್ನು ಕರೆತಂದೆ. ಹತ್ತಾರು ನೀರಿನ ಟಾಕಿ ಕಟ್ಟಿದವನು, ಒಂದರಲ್ಲೂ ಹನಿ ಸೋರಿಲ್ಲ ಎಂಬ ಹೆಮ್ಮೆ. ಕಿಟಕಿಗೆ ಜಾಗ ಬಿಡಿಸಿ, ಗಾಜಿನ ಸುತ್ತ ಕೂರಿಸುವ ರಬ್ಬರ್ ಪಟ್ಟಿ ಹುಡುಕಲು ನಾನು ಪೇಟೆಗೆ ಹೋದೆ. ಎರಡು ದಿನ ಬಿಟ್ಟು ಬಂದು ನೋಡಿದರೆ ಕಿಟಕಿಗಳೇ ಇಲ್ಲ. ಇಟ್ಟಂಗಿ ತುಂಬಿ, ನುಣ್ಣಗೆ ಸಿಮೆಂಟು ಬಳಿದು, ಮೇಲೆ ಹಸಿ ಗೋಣಿತಟ್ಟು ಹೊದಿಸಿದ್ದ.

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಗೌಂಡಿ ಹತ್ತಿರ ಬಂದು ಸಮಾಧಾನ ಹೇಳಿದ: "ಇಟ್ಟಂಗಿ ಕಡಿಮಿ ಬಿದ್ದಾವ ಅಂತ ಮೊದಲ ಹೇಳಬಾರದೇನ್ರಿ? ನಾಚಿಕಿ ಯಾಕ? ನಾ ಬ್ಯಾರೆ ಕಡಿಂದ ತಂದ ಮುಚ್ಚೀನ್ರಿ."

ಚಿಲಕ

ಗೋಡೆ ಒಡೆಸಿ ಮತ್ತೆ ಕಿಂಡಿ ಮಾಡಿಸಿದ್ದಾಯಿತು. ಚೌಕಟ್ಟು ಮಾಡಲು ಮರಾಠಿ ಬಡಗಿಗೆ ಅಳತೆ ಕೊಟ್ಟೆ. ಒಳ್ಳೆಯ ಕೆಲಸಗಾರ, ಹೇಳಿದ ದಿನವೇ ತಂದ. ಸಾಗವಾನಿ ಕಟ್ಟಿಗೆ, ಎರಡೆರಡು ಬಾಗಿಲು, ಹಿತ್ತಾಳೆಯ ಚಿಲಕ. ನೀರು ತುಂಬಿದ ಮೇಲೆ ಇದನ್ನು ತೆರೆಯುವವರು ಯಾರಪ್ಪಾ ಎಂದು ಮರಾಠಿಯಲ್ಲಿ ಕೇಳಿದೆ. ಆತ, ಬೇಡವಾದರೆ ತೆರೆಯಬೇಡಿ, ಆದರೆ ಬೇಸಿಗೆಯಲ್ಲಿ ಮೀನಿಗೂ ಸೆಕೆ ಆಗುತ್ತದಲ್ಲ ಎಂದ. ಸೊಳ್ಳೆ ಜಾಲರಿ ಬೇಕಿದ್ದರೆ ಅದನ್ನೂ ಹಾಕಿಕೊಡುವುದಾಗಿ ಹೇಳಿದ.

ಏಳುಕೋಟಿ

ಯುಗಾದಿಗೆ ಮೂರು ದಿನ ಉಳಿದಾಗ, ಬಾಗಿಲು ತೆಗೆಸಿದ ಚೌಕಟ್ಟಿನಲ್ಲಿ ಗಾಜು ಕೂತಿತು, ನೀರು ತುಂಬಿತು, ಹನಿ ಸೋರಲಿಲ್ಲ. ಮಾರನೆಯ ದಿನ ಮೀನು ತರುವುದೆಂದು ನಾನು ನೆಮ್ಮದಿಯಿಂದ ಮಲಗಿದೆ. ಬೆಳಿಗ್ಗೆ ಹೋದರೆ ಹೊಂಡದ ತುಂಬ ಅರಿಶಿನ. ಕಿಟಕಿಯಲ್ಲಿ ಹಳದಿ ಬಿಟ್ಟರೆ ಇನ್ನೇನೂ ಇಲ್ಲ. ಗೌಂಡಿ ಮೈಲಾರಲಿಂಗನ ಒಕ್ಕಲು. ವರ್ಷಕ್ಕೊಮ್ಮೆ ಆ ದೇವರ ಜೇಜುರಿಗೆ ಹೋಗಿ ಭಂಡಾರದ ಅರಿಶಿನ ತರುವವನು. ಕಿಟಕಿ ಇದ್ದೂ ಟಾಕಿ ಸೋರದೇ ಇದ್ದದ್ದು ದೇವರ ಪವಾಡವೇ ಸರಿ ಎಂದು, ಮನೆಯಲ್ಲಿದ್ದ ಭಂಡಾರವನ್ನೆಲ್ಲ ತಂದು "ಏಳುಕೋಟಿ" ಎನ್ನುತ್ತ ಸುರಿದಿದ್ದ.

ಇದರಲ್ಲಿ ಮೀನು ಹೇಗೆ ಕಾಣಬೇಕು ಎಂದು ಸಿಟ್ಟಿನಲ್ಲಿ ಕೇಳಿದೆ. "ದೇವ್ರನ್ನ ಕಂಡೇವೇನ್ರಿ? ಆದ್ರೂ ಕೈ ಮುಗೀತೇವಿ" ಎಂದ.

ನಡುವಿನ ಮೀನು

ನೀರು ಖಾಲಿ ಮಾಡಿಸಿ, ತಿಕ್ಕಿಸಿ, ಮತ್ತೆ ತುಂಬಿಸಿ, ಯುಗಾದಿಯ ಬೆಳಿಗ್ಗೆ ಕೆಂಪು ಮೀನು ಬಿಟ್ಟೆವು. ಅವ್ವನ ಕುರ್ಚಿಯನ್ನು ಒಂದು ಕಿಟಕಿಯ ಮುಂದಿಟ್ಟೆವು. ಎಲ್ಲರೂ ನೋಡಿ, ಹೊಗಳಿ, ಹೋಳಿಗೆ ತಿನ್ನಲು ಒಳಗೆ ಹೋದರು; ನಾನು ಅವ್ವನ ಹತ್ತಿರ ನಿಂತೆ. ಸಾಹೇಬರು ನನ್ನ ಪರ್ಮನೆಂಟ್ ಆರ್ಡರನ್ನು ಜೇಬಿನಿಂದ ಅರ್ಧ ತೆಗೆದು ತೋರಿಸಿ, ಈಗ ಬಂದೆ ಎಂದು ಎಲ್ಲೋ ಮಾಯವಾದರು.

ಕಾರ್ಖಾನೆಯನ್ನೇ ನಡುಗಿಸುವ ಸಾಹೇಬರಿಗೆ ತಾಯಿಯ ಭಯ ಮಾತ್ರ ಬಹಳ. ಸಿಗರೇಟು ಸೇದುವುದು ಅವ್ವನಿಗೆ ಇಂದಿಗೂ ಗೊತ್ತಿಲ್ಲ ಎಂದು ನಂಬಿದ್ದರು. ಎದೆಮಟ್ಟದ ಗೋಡೆ ಇದೆಯಲ್ಲ ಎಂಬ ಧೈರ್ಯದಲ್ಲಿ ಹೊಂಡದ ಆಚೆ ಕುಕ್ಕುರುಗಾಲಲ್ಲಿ ಕೂತು ಒಂದು ಹಚ್ಚಿದರು. ಕೂತದ್ದು ಸರಿಯಾಗಿ ಆಚೆಯ ಕಿಟಕಿಯ ಮುಂದೆ. ಈಚೆಯಿಂದ ನೋಡಿದರೆ ಮೀನುಗಳ ನಡುವೆ ಅವರ ಮುಖ, ನೀರಿನಲ್ಲಿ ಇನ್ನೂ ಅಗಲವಾಗಿ, ಕೆನ್ನೆ ಒಳಗೆ ಎಳೆದುಕೊಂಡು ಕಾಣುತ್ತಿತ್ತು.

ಅವ್ವ ಕನ್ನಡಕ ಸರಿಮಾಡಿಕೊಂಡರು. "ತಮ್ಮಾ, ಆ ನಡುವಿಂದು ಯಾವ ಮೀನೋ?"

ನನ್ನ ಮದುವೆ ಆ ಮೀನಿನ ಜೇಬಿನಲ್ಲಿತ್ತು.

"ಅದು ಬ್ಯಾರೆ ಜಾತಿದ್ರಿ, ಅವ್ವಾರ."

"ಹೊಗಿ ಬಿಡಾಕತ್ತೇತಲ್ಲೋ."

"ಆ ಜಾತಿ ಹಂಗ ರೀ."

ಅವ್ವ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು: "ಹೆದರಬ್ಯಾಡ, ನಿನ್ನ ಪರ್ಮನೆಂಟ್ ನಾ ಮಾಡಸ್ತೀನಿ. ಆದ್ರ ಜಾತಿ ಗೀತಿ ನನಗ ಹೇಳಬ್ಯಾಡ. ಆ ಮೀನಾ ಹಡದಾಕಿ ನಾ ಅದೀನಿ."